ಮನೆಗೇ ಬಂದು ಅಡಿಕೆ ಸುಲಿದುಕೊಡುವ ಯಂತ್ರ: ಕೆಲಸ ಚೆನ್ನ, ತೂಕ ಇನ್ನೂ ಚೆನ್ನ

ಅಡಿಕೆ ಸುಲಿಯಲು ಜನ ಸಿಗದೆ ಒದ್ದಾಡುತ್ತಿರುವವರು ಬಾಡಿಗೆ ಯಂತ್ರದವರನ್ನು ಧೈರ್ಯವಾಗಿ ಕರೆಸಿ. ಇದು ನನ್ನ ಅಭಿಪ್ರಾಯ, ಮೊದಲೇ ಹೇಳಿಬಿಡುತ್ತೇನೆ. ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಆಗುಂಬೆ ದಿಕ್ಕಿನಲ್ಲಿ ಒಂದು ಸಣ್ಣ ಊರು. ನಾನಿರುವುದು ಬೆಂಗಳೂರಿನಲ್ಲಿ. ಅಮ್ಮನಿಗೆ ಗಂಟುನೋವು ಜಾಸ್ತಿಯಾಗಿದೆ, ಅಪ್ಪಯ್ಯನಿಗೆ ಎಪ್ಪತ್ತು ದಾಟಿದೆ. ಹಾಗಾಗಿ ಈ ಸಲ ಕೊಯ್ಲಿನ ಹೊತ್ತಿಗೆ ರಜೆ ಹಾಕಿ ಊರಲ್ಲೇ ಉಳಿದೆ. ಯಂತ್ರ ಕರೆಸಿದ್ದು ನಾನೇ. ಅದರ ಬಗ್ಗೆ ಬರೆಯಬೇಕಾದರೆ ಅಪ್ಪಯ್ಯನ ಬಗ್ಗೆಯೂ ಬರೆಯಲೇಬೇಕು. ಯಾಕೆಂದರೆ ಯಂತ್ರದ ಜೊತೆ ಒಂದು ತಕ್ಕಡಿಯೂ ಬಂದಿತ್ತು, ಅದು ನಮ್ಮ ಮನೆಯ ಹಳೇ ಲೆಕ್ಕವನ್ನು ಅಂಗಳಕ್ಕೆ ತಂದು ಹಾಕಿತು.

ತಂಡದ ಹೆಸರು ಬರೆಯುತ್ತಿಲ್ಲ. ಇಂಥ ತಂಡಗಳು ಈಗ ಹೋಬಳಿಗೆ ನಾಲ್ಕಾರು ಇವೆ, ಹೆಚ್ಚುಕಡಿಮೆ ಎಲ್ಲರ ಕೆಲಸವೂ ಒಂದೇ ಥರ. ನಿಮ್ಮ ಹತ್ತಿರದ ಸೊಸೈಟಿಯಲ್ಲಿ ಕೇಳಿದರೆ ಯಾರಾದರೂ ಹೇಳುತ್ತಾರೆ.

ನಮ್ಮ ಮನೆಗೆ ಬಂದದ್ದು ಮೂವರು ಹುಡುಗರು, ಒಂದು ಪಿಕಪ್ ಗಾಡಿ, ಅದರ ಮೇಲೆ ಯಂತ್ರ, ಒಂದು ಜನರೇಟರ್, ಒಂದು ಎಲೆಕ್ಟ್ರಾನಿಕ್ ತಕ್ಕಡಿ. ಬೆಳಿಗ್ಗೆ ಬರುತ್ತೇವೆ ಅಂದವರು ಬೆಳಿಗ್ಗೆಯೇ ಬಂದರು. ಊರ ಕಡೆ ಇದು ದೊಡ್ಡ ವಿಷಯ. ನಮ್ಮ ಮನೆಗೆ ಇಳಿಯುವ ರಸ್ತೆ ಇನ್ನೂ ಮಣ್ಣಿನದು, ಹಿಂದಿನ ವಾರ ಮಳೆ ಬೇರೆ ಬಂದಿತ್ತು, ಆದರೂ ಗೊಣಗದೆ ಗಾಡಿ ಇಳಿಸಿದರು. ಜನರೇಟರ್ ತರುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ಮನೆ ಕರೆಂಟನ್ನೇ ನಂಬಿಕೊಂಡರೆ ಸಂಜೆ ಹೊತ್ತು ವೋಲ್ಟೇಜ್ ಇಳಿದು ಮೋಟಾರ್ ನಿಲ್ಲುತ್ತದೆ, ಸುಲಿಯಬೇಕಾದ ಅಡಿಕೆ ರಾಶಿ ಹಾಗೇ ಕೂತಿರುತ್ತದೆ.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ನೋಡದವರಿಗೆ ಹೇಳುತ್ತೇನೆ. ಗೊನೆಯಿಂದ ಬಿಡಿಸಿದ ಹಸಿ ಅಡಿಕೆಯನ್ನು ಮೇಲಿನ ತೊಟ್ಟಿಗೆ ಸುರಿಯುತ್ತಾರೆ. ಕಾಯಿ ಒಂದೊಂದಾಗಿ ಕೆಳಗಿಳಿದು ಬೆಲ್ಟಿಗೂ ಬ್ಲೇಡಿಗೂ ನಡುವೆ ಸಿಕ್ಕಿ ಉರುಳುತ್ತದೆ, ಸಿಪ್ಪೆ ಒಂದು ಕಡೆ, ಒಳಗಿನ ಬೇಳೆ ಇನ್ನೊಂದು ಕಡೆ ಬೀಳುತ್ತದೆ. ಹದವಾಗಿ ಬೆಳೆದ ಕಾಯಿ ಇದ್ದರೆ ನೋಡಲು ಖುಷಿ. ಒಂದೇ ಅಳತೆಯ ಕಾಯಿಗಳು ಚೊಕ್ಕವಾಗಿ ಸುಲಿದುಕೊಂಡು ಬರುತ್ತವೆ. ತೊಂದರೆ ಬರುವುದು ಸಣ್ಣ ಕಾಯಿಯಲ್ಲಿ ಮತ್ತು ಹಣ್ಣಾದ ಗೋಟಿನಲ್ಲಿ. ಸಣ್ಣದು ಹಾಗೇ ಸಂದಿಯಲ್ಲಿ ನುಸುಳಿ ಸಿಪ್ಪೆ ಸಮೇತ ಹೊರಗೆ ಬರುತ್ತದೆ. ಹಣ್ಣಿನ ಸಿಪ್ಪೆ ನಾರಾಗಿರುತ್ತದೆ, ಬ್ಲೇಡಿಗೆ ಸುತ್ತಿಕೊಳ್ಳುತ್ತದೆ, ಹುಡುಗರು ಯಂತ್ರ ನಿಲ್ಲಿಸಿ ಬಿಡಿಸಬೇಕು. ಇನ್ನು ಕೆಲವು ಬೇಳೆಗೆ ಬ್ಲೇಡ್ ತಾಗಿ ಚೂರಾಗುತ್ತದೆ. ನಮ್ಮಲ್ಲಿ ಮೊದಲ ಒಂದು ಬುಟ್ಟಿಯಲ್ಲಿ ಚೂರು ಜಾಸ್ತಿಯೇ ಬಂತು. ಹೇಳಿದ ಮೇಲೆ ಬ್ಲೇಡಿನ ಅಂತರ ಸರಿಮಾಡಿದರು, ಆಮೇಲೆ ಕಡಿಮೆಯಾಯಿತು. ಹಾಗಾಗಿ ಮೊದಲ ಬುಟ್ಟಿ ಆದ ಕೂಡಲೇ ನೀವೇ ಕೈ ಹಾಕಿ ನೋಡಿ. ದಾಕ್ಷಿಣ್ಯ ಬೇಡ. ಚೂರಾದದ್ದಕ್ಕೆ ರಾಶಿ ಇಡಿಯ, ಅಂದರೆ ಒಡೆಯದ ಇಡೀ ಅಡಿಕೆಯ, ರೇಟು ಸಿಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಕರಾವಳಿಯವರು ಹಣ್ಣಡಿಕೆಯನ್ನು 40–45 ದಿನ ಬಿಸಿಲಲ್ಲಿ ಒಣಗಿಸಿ ಆಮೇಲೆ ಸುಲಿಯುತ್ತಾರಲ್ಲ, ಆ ಚಾಲಿಯ ಯಂತ್ರ ಬೇರೆ. ಹಸಿಯಾಗಿಯೇ ಸುಲಿದು ಬೇಯಿಸಿ ಒಣಗಿಸುವ ನಮ್ಮ ಕೆಂಪಡಿಕೆಗೆ ಹಸಿ ಕಾಯಿ ಸುಲಿಯುವ ಯಂತ್ರವೇ ಬೇಕು. ಫೋನಿನಲ್ಲಿ ಮಾತಾಡುವಾಗ ಇದನ್ನು ಸ್ಪಷ್ಟ ಮಾಡಿಕೊಳ್ಳಿ.

ಯಂತ್ರ ಕರೆಸುವವರು ಯೋಚಿಸದೇ ಇರುವ ಒಂದು ವಿಷಯ ಇದೆ. ಸುಲಿತ ಬೇಗ ಆಗುತ್ತದೆ, ಆದರೆ ಬೇಯಿಸುವುದು ಬೇಗ ಆಗುವುದಿಲ್ಲ. ಮೊದಲೆಲ್ಲ ಸುಲಿದಷ್ಟನ್ನು ಹಂಡೆಗೆ ಹಾಕುತ್ತಾ ಹೋಗುತ್ತಿದ್ದರು, ಎರಡೂ ಒಂದಕ್ಕೊಂದು ಸರಿಹೊಂದುತ್ತಿತ್ತು. ಈಗ ಮಧ್ಯಾಹ್ನದ ಊಟದ ಹೊತ್ತಿಗೆ ಸುಲಿದ ಬೇಳೆ ಗುಡ್ಡೆ ಬಿದ್ದಿರುತ್ತದೆ, ಹಂಡೆ ಒಂದೇ. ಸುಲಿದದ್ದು ಹೆಚ್ಚು ಹೊತ್ತು ಹಾಗೇ ಬಿದ್ದರೆ ಬಣ್ಣ ಕೆಡುತ್ತದೆ. ಇನ್ನೊಂದು ಹಂಡೆ, ಒಣ ಸೌದೆ, ಹಳೇ ಚೊಗರು (ಹಿಂದೆ ಅಡಿಕೆ ಬೇಯಿಸಿದ ಕೆಂಪು ರಸ), ಒಣಗಿಸಲು ಚಪ್ಪರದಲ್ಲಿ ಜಾಗ, ಇಷ್ಟನ್ನೂ ಹಿಂದಿನ ದಿನವೇ ಸಿದ್ಧ ಮಾಡಿಕೊಳ್ಳಿ. ನಾವು ಪಕ್ಕದ ಮನೆಯಿಂದ ಓಡಿಹೋಗಿ ಹಂಡೆ ತಂದೆವು. ಅಪ್ಪಯ್ಯ ರಾತ್ರಿ ಎರಡರವರೆಗೆ ಒಲೆ ಮುಂದೆ ಕೂತಿದ್ದರು. ಚೊಗರಿನ ಹದ ಅವರಿಗೆ ಗೊತ್ತಿರುವಷ್ಟು ನಮ್ಮ ಸುತ್ತಮುತ್ತ ಯಾರಿಗೂ ಗೊತ್ತಿಲ್ಲ. ಜಾಲರಿಯಲ್ಲಿ ಎತ್ತಿದ ಒಂದು ಬೇಳೆಯನ್ನು ಉಗುರಲ್ಲಿ ಒತ್ತಿ ನೋಡಿ, ಸಾಕು ತೆಗಿ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು, ಹದ ತಪ್ಪುವುದೇ ಇಲ್ಲ.

ಸದ್ದು ಜಾಸ್ತಿ. ಸಿಪ್ಪೆ ಒಂದೇ ಕಡೆ ಬೆಟ್ಟದಷ್ಟಾಗುತ್ತದೆ, ಅದನ್ನು ರಸ್ತೆ ಬದಿಗೆ ಸುರಿಯಬೇಡಿ, ತೋಟದ ಗುಂಡಿಗೆ ಹಾಕಿ ಸೆಗಣಿ ನೀರು ಬಿಟ್ಟರೆ ಗೊಬ್ಬರ ಆಗುತ್ತದೆ. ಮಕ್ಕಳನ್ನು ಬೆಲ್ಟಿನ ಹತ್ತಿರ ಬಿಡಬೇಡಿ. ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹತ್ತಿರ ಹೋಗಬೇಕು. ನಮ್ಮಲ್ಲಿಗೆ ಬಂದ ಯಂತ್ರದ ಬೆಲ್ಟಿಗೆ ಒಂದು ಬದಿಯಲ್ಲಿ ಮುಚ್ಚಳವೇ ಇರಲಿಲ್ಲ. ಅದನ್ನು ಹುಡುಗರಿಗೆ ಗಟ್ಟಿಯಾಗಿಯೇ ಹೇಳಿದೆ.

ಇನ್ನು ದುಡ್ಡು, ತೂಕ. ದರ ವರ್ಷ ವರ್ಷ ಬದಲಾಗುತ್ತದೆ, ಅದನ್ನು ನೀವೇ ವಿಚಾರಿಸಿಕೊಳ್ಳಿ. ಆದರೆ ಲೆಕ್ಕ ಯಾವುದರ ಮೇಲೆ ಅನ್ನುವುದು ಮುಖ್ಯ. ಕೆಲವರು ಸುಲಿದ ಹಸಿ ಬೇಳೆಯ ಕೆಜಿಗೆ ಇಷ್ಟು ಅನ್ನುತ್ತಾರೆ. ಕೆಲವರು ಒಣಗಿದ ಮೇಲಿನ ಕ್ವಿಂಟಾಲಿಗೆ ಇಷ್ಟು ಅನ್ನುತ್ತಾರೆ. ಸಿಪ್ಪೆ ಸಮೇತ ಒಂದು ಕ್ವಿಂಟಾಲ್ ಹಸಿ ಅಡಿಕೆಗೆ ಕೊನೆಗೆ ಕೈಗೆ ಸಿಗುವ ಒಣ ಅಡಿಕೆ ಹೆಚ್ಚುಕಡಿಮೆ 12ರಿಂದ 14 ಕೆಜಿ. ಹಾಗಾಗಿ ಎರಡು ಲೆಕ್ಕಕ್ಕೂ ತುಂಬಾ ವ್ಯತ್ಯಾಸ. ನಾವು ಹಸಿ ತೂಕಕ್ಕೆ ಒಪ್ಪಿದೆವು. ಹುಡುಗರು ತಕ್ಕಡಿಯನ್ನು ಅಂಗಳದ ನಡುವೆ ಎಲ್ಲರಿಗೂ ಕಾಣುವ ಹಾಗೆ ಇಟ್ಟರು. ಬುಟ್ಟಿ ಇಟ್ಟಾಗ ಬರುವ ಅಂಕಿಯನ್ನು ಜೋರಾಗಿ ಓದಿ, ತಮ್ಮ ಪುಸ್ತಕದಲ್ಲೊಮ್ಮೆ, ನಮ್ಮ ಕ್ಯಾಲೆಂಡರಿನ ಹಿಂದೊಮ್ಮೆ ಬರೆದರು. ಖಾಲಿ ಬುಟ್ಟಿಯ ತೂಕ ಕಳೆದರು. ನನಗೆ ಈ ಸೇವೆಯಲ್ಲಿ ಅತ್ಯಂತ ಇಷ್ಟವಾದದ್ದು ಇದೇ.

ಅಪ್ಪಯ್ಯನಿಗೆ ಇಷ್ಟವಾಗಲಿಲ್ಲ. ಬೇಳೆ ಹಸಿ ಇದೆ, ನೀರಿನ ತೂಕಕ್ಕೆ ನಾವ್ಯಾಕೆ ದುಡ್ಡು ಕೊಡಬೇಕು ಅಂತ ಶುರು ಮಾಡಿದರು. ಸುಲಿಯುವುದೇ ಹಸಿ ಅಡಿಕೆ, ದರ ಮಾತಾಡಿದ್ದೂ ಹಸಿಗೇ. ಹುಡುಗರು ಪಾಪ, ನಗುತ್ತಾ ಅಯ್ಯ ಅಯ್ಯ ಅಂತ ಸಮಾಧಾನ ಮಾಡಿದರು. ಬುಟ್ಟಿಗೆ ಇಷ್ಟು ಅಂತ ಮುರಿದುಕೊಳ್ಳಿ ಅಂತ ಅಪ್ಪಯ್ಯ ಹಠ ಹಿಡಿದರು. ನಾನು ಅಡ್ಡ ಮಾತಾಡಿದ್ದಕ್ಕೆ, "ನಿಂಗೆ ಗೊತ್ತಾಗಲ್ಲ ಸುಮ್ನಿರು ಮಾರಾಯ್ತಿ" ಅಂದರು.

ಯಂತ್ರ ಬಿಟ್ಟ ಕಾಯಿಗಳನ್ನು ಕೈಯಲ್ಲೇ ಸುಲಿಯಬೇಕು. ಅದಕ್ಕೆ ಹಿಂದೆ ನಮ್ಮಲ್ಲಿಗೆ ಬರುತ್ತಿದ್ದ ಅಕ್ಕಂದಿರಲ್ಲಿ ಮೂವರು ಬಂದಿದ್ದರು. ಎಲ್ಲರೂ ಈಗ ವಯಸ್ಸಾದವರು. ಅವರ ಹೆಣ್ಣುಮಕ್ಕಳು ಶಿವಮೊಗ್ಗದಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಾರೆ, ಯಾರೂ ಮೆಟ್ಟುಗತ್ತಿ ಮುಂದೆ ಕೂರುವವರಲ್ಲ. ಮೆಟ್ಟುಗತ್ತಿ ನೋಡದವರಿಗೆ: ಒಂದು ಹಲಗೆಗೆ ಬಾಗಿದ ಕತ್ತಿ ನಿಲ್ಲಿಸಿರುತ್ತಾರೆ, ಹಲಗೆಯನ್ನು ಕಾಲಲ್ಲಿ ಮೆಟ್ಟಿಕೊಂಡು ಕೂತು, ಕಾಯಿಯನ್ನು ಕತ್ತಿಗೆ ಒತ್ತಿ ತಿರುವಿ ಸಿಪ್ಪೆ ತೆಗೆಯಬೇಕು. ಹೆಬ್ಬೆರಳಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಳ್ಳುತ್ತಾರೆ. ಸುಗ್ಗಿ ಮುಗಿದು ತಿಂಗಳಾದರೂ ಬೆರಳಿನ ಕಪ್ಪು ಹೋಗುವುದಿಲ್ಲ.

ನಾನು ಚಿಕ್ಕವಳಿದ್ದಾಗ ಸುಗ್ಗಿಯ ರಾತ್ರಿ ಅಂದರೆ ಹಬ್ಬ. ಅಂಗಳದಲ್ಲಿ ಹದಿನೈದು ಇಪ್ಪತ್ತು ಜನ ಸಾಲಾಗಿ ಕೂರುತ್ತಿದ್ದರು. ಭದ್ರಾವತಿ ಆಕಾಶವಾಣಿ ಹಾಡುತ್ತಿರುತ್ತಿತ್ತು. ಅದು ಮುಗಿದ ಮೇಲೆ ಅಪ್ಪಯ್ಯ ಕಥೆ ಹೇಳುತ್ತಿದ್ದರು, ಹುಲಿಯದ್ದು, ದೆವ್ವದ್ದು, ಯಕ್ಷಗಾನದ್ದು. ಅವರಿಗೆ ಒಳ್ಳೆ ಕಂಠ ಇತ್ತು. ಮಧ್ಯರಾತ್ರಿ ಎಲ್ಲರಿಗೂ ಬೆಲ್ಲದ ಕಾಫಿ, ಅವಲಕ್ಕಿ. ಸುಲಿದದ್ದನ್ನು ಅಳೆಯುವುದು ಡಬ್ಬದಲ್ಲಿ, 15 ಕೆಜಿ ಎಣ್ಣೆ ಬರುತ್ತದಲ್ಲ, ಆ ತಗಡಿನ ಡಬ್ಬ. ಡಬ್ಬಕ್ಕೆ ಇಷ್ಟು ಅಂತ ಕೂಲಿ. ಅಪ್ಪಯ್ಯ ಸುತ್ತಲಿನ ಮನೆಗಳಿಗಿಂತ ಎಂಟಾಣೆ ಜಾಸ್ತಿ ಕೊಡುತ್ತಿದ್ದರು, ಅದನ್ನು ಎಲ್ಲರೆದುರು ಹೇಳುತ್ತಲೂ ಇದ್ದರು. ನನಗೆ ಅದು ಎಷ್ಟು ಹೆಮ್ಮೆ ಅಂದರೆ ಶಾಲೆಯಲ್ಲೂ ಹೇಳಿಕೊಂಡು ತಿರುಗಿದ್ದೆ.

ನಮ್ಮ ಡಬ್ಬ ನೆಲಕ್ಕಿಟ್ಟರೆ ಅಲ್ಲಾಡುತ್ತಿತ್ತು. ಅದರ ತಳವನ್ನು ಒಳಗಿನಿಂದ ಬಡಿದು ಹೊರಗೆ ಉಬ್ಬಿಸಿತ್ತು. ಪಕ್ಕಗಳೂ ಉಬ್ಬಿದ್ದವು. ಹಾಗಾಗಿ ಅದನ್ನು ಹುಲ್ಲಿನ ಸಿಂಬೆ ಮೇಲೆ ಕೂರಿಸುತ್ತಿದ್ದರು. ಡಬ್ಬ ಅರ್ಧ ತುಂಬಿದಾಗ, ಮುಕ್ಕಾಲು ತುಂಬಿದಾಗ, ಪೂರ್ತಿ ತುಂಬಿದಾಗ ಹಿಡಿದು ಅಲ್ಲಾಡಿಸುವ ಕೆಲಸ ನನ್ನದು. "ಕುಕ್ಕು ಮಗಾ, ಇನ್ನೊಂದು ಸಲ ಕುಕ್ಕು" ಅನ್ನುತ್ತಿದ್ದರು ಅಪ್ಪಯ್ಯ. ಕುಕ್ಕಿದ ಹಾಗೆ ಬೇಳೆ ಕೆಳಗಿಳಿದು ಜಾಗ ಆಗುತ್ತಿತ್ತು, ಮೇಲೆ ಇನ್ನೆರಡು ಬೊಗಸೆ ಬೀಳುತ್ತಿತ್ತು, ಕೊನೆಗೆ ಬಾಯಿಯ ಮೇಲೆ ಗೋಪುರದ ಹಾಗೆ ನಿಂತ ಮೇಲೆ ಒಂದು ಡಬ್ಬ ಅಂತ ಗೋಡೆ ಮೇಲೆ ಇದ್ದಿಲಲ್ಲಿ ಗೀಟು ಎಳೆಯುತ್ತಿದ್ದರು.

ಈ ಸಲ ತಕ್ಕಡಿ ಅಂಕಿ ತೋರಿಸುವಾಗ ಆ ಅಕ್ಕಂದಿರಲ್ಲಿ ದೊಡ್ಡವರು ಅದನ್ನು ನೋಡುತ್ತಾ ಕೂತಿದ್ದರು. ಆಮೇಲೆ ಯಾರಿಗೂ ಅಂತಲ್ಲದೆ, "ಈಗಿನವ್ರಿಗೆ ಎಂತ ಕಷ್ಟ ಹೇಳಿ. ಅಯ್ಯನ ಡಬ್ಬ ತುಂಬ್ಸೋದು ಅಂದ್ರೆ ಕೋಳಿ ಕೂಗ್ತಿತ್ತು" ಅಂದರು. ಮೂವರೂ ನಕ್ಕರು. ಸಿಟ್ಟಿನ ನಗೆ ಅಲ್ಲ. ಎಲ್ಲರಿಗೂ ಗೊತ್ತಿರುವ ಹಳೇ ಮಾತಿಗೆ ನಗುವ ನಗೆ. ಒಳಗಿಂದ ಕಾಫಿ ತರುತ್ತಿದ್ದ ಅಮ್ಮ ಬಾಗಿಲಲ್ಲೇ ನಿಂತರು. ಅಮ್ಮನಿಗೂ ಗೊತ್ತಿತ್ತು. ಆ ಅಂಗಳದಲ್ಲಿ ಗೊತ್ತಿಲ್ಲದೇ ಇದ್ದದ್ದು ನನಗೊಬ್ಬಳಿಗೇ.

ಸಂಜೆ ಹುಡುಗರು ಮರುದಿನ ಬರುತ್ತೇವೆ ಅಂತ ಯಂತ್ರ, ತಕ್ಕಡಿ ಎರಡನ್ನೂ ಬಿಟ್ಟು ಹೋದರು. ನಾನು ಅಟ್ಟ ಹತ್ತಿ ಡಬ್ಬ ಹುಡುಕಿದೆ. ಇತ್ತು. ತುಕ್ಕು ಹಿಡಿದಿದೆ, ಆದರೆ ತಳದ ಉಬ್ಬು ಹಾಗೇ ಇದೆ, ಒಳಗೆ ಕೈ ಹಾಕಿದರೆ ಸುತ್ತಿಗೆಯ ಏಟುಗಳು ಸಾಲಾಗಿ ಬೆರಳಿಗೆ ಸಿಗುತ್ತವೆ. ಕೈತಪ್ಪಿ ಬಿದ್ದು ಆದ ನೆಗ್ಗಲ್ಲ ಅದು, ಕೂತು ಬಡಿದದ್ದು. ಪಕ್ಕದ ಮನೆಯಿಂದ ಒಂದು ನೆಟ್ಟಗಿನ ಡಬ್ಬ ತಂದೆ. ಎರಡನ್ನೂ ಅದೇ ಬೇಳೆಯಿಂದ ತುಂಬಿಸಿದೆ. ನಮ್ಮದನ್ನು ಮೊದಲಿನ ಹಾಗೇ ಕುಕ್ಕಿ ಗೋಪುರ ಮಾಡಿದೆ, ಪಕ್ಕದ ಮನೆಯದನ್ನು ಬಾಯಿ ಮಟ್ಟಕ್ಕೆ ಬಿಟ್ಟೆ. ತಕ್ಕಡಿಗಿಟ್ಟರೆ ನಮ್ಮದು ಎರಡು ಕೆಜಿ ಜಾಸ್ತಿ. ಅಂದರೆ ನಮ್ಮಲ್ಲಿ ಐದು ಡಬ್ಬ ಸುಲಿದವರು ಬೇರೆ ಮನೆಯ ಲೆಕ್ಕದಲ್ಲಿ ಹತ್ತಿರ ಹತ್ತಿರ ಆರು ಡಬ್ಬ ಸುಲಿದಿರುತ್ತಿದ್ದರು. ಎಂಟಾಣೆ ಜಾಸ್ತಿ ಕೊಟ್ಟದ್ದು ಎಲ್ಲಿಗೆ ಸಾಲುತ್ತದೆ?

ಅಪ್ಪಯ್ಯ ಇದನ್ನೆಲ್ಲ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ನಾನು ಬಚ್ಚಿಟ್ಟು ಮಾಡಲಿಲ್ಲ. ಅಂಕಿ ಓದಿ ಹೇಳಿದೆ. ಯಾಕೆ ಹೀಗೆ ಅಂತ ಕೇಳಿದೆ.

"ಡಬ್ಬಕ್ಕೆ ಇಷ್ಟು ಅಂತ ಮಾತಾಡಿಯೇ ಕೊಟ್ಟಿದ್ದು. ಯಾರದ್ದಾದ್ರೂ ಒಂದು ರೂಪಾಯಿ ಬಾಕಿ ಇಟ್ಟಿದೀನಾ? ಹೋಗಿ ಕೇಳು" ಅಂದರು.

ಬಾಕಿ ಇಟ್ಟಿಲ್ಲ, ನಿಜ. ಶನಿವಾರ ಅಂದರೆ ಶನಿವಾರವೇ ಕೊಡುತ್ತಿದ್ದರು. "ಡಬ್ಬದ ತಳ ಬಡಿದದ್ದು ಯಾರು" ಅಂದೆ. ಅದಕ್ಕೆ ಉತ್ತರ ಕೊಡಲಿಲ್ಲ. "ಎಲ್ಲರ ಮನೇಲೂ ಹಂಗೇ ಇತ್ತು" ಅಂದರು. ಎಲ್ಲರ ಮನೆಯಲ್ಲೂ ಇರಲಿಲ್ಲ ಅಂತ ಪಕ್ಕದ ಮನೆಯ ಡಬ್ಬ ಅಲ್ಲೇ ಕಣ್ಣೆದುರು ಕೂತಿತ್ತು. ಅಪ್ಪಯ್ಯ ಎದ್ದು ಹಂಡೆ ಒಲೆಗೆ ಸೌದೆ ಹಾಕಲು ಹೋದರು.

ನನಗೆ ಜಾಸ್ತಿ ನೋವಾದದ್ದು ಇದಕ್ಕೆ: ತೂಕದಲ್ಲಿ ಮೋಸ ಅಂದರೆ ಏನು ಅಂತ ನನಗೆ ಕಲಿಸಿದ್ದೇ ಅವರು. ಶಿವಮೊಗ್ಗಕ್ಕೆ ಅಡಿಕೆ ಹೊತ್ತುಕೊಂಡು ಹೋಗಿ ಬಂದ ದಿನ ಮನೆಯಲ್ಲಿ ಯಾರೂ ಮಾತಾಡುವ ಹಾಗಿರಲಿಲ್ಲ. ಒಂದು ಮಂಡಿಯವರು ಚೀಲದ ತೂಕ ಅಂತ ಇಷ್ಟು ಮುರಿದರು, ತೇವ ಇದೆ ಅಂತ ಇಷ್ಟು ಮುರಿದರು, ವರ್ಷವಿಡೀ ದುಡಿದವನ ಹೊಟ್ಟೆ ಮೇಲೆ ಹೊಡೆದರು ಅಂತ ರಾತ್ರಿಯೆಲ್ಲ ಗೊಣಗುತ್ತಿದ್ದರು. ಆ ಸಿಟ್ಟು ನ್ಯಾಯದ್ದೇ. ಅಡಿಕೆ ಬೆಳೆಗಾರರು ತಮ್ಮದೇ ಸಂಘ ಕಟ್ಟಿಕೊಂಡದ್ದು, ಶಿವಮೊಗ್ಗದಲ್ಲಿ 1939ರಲ್ಲಿ ಮ್ಯಾಮ್ಕೋಸ್ ಶುರುವಾದದ್ದು, ಬೆಳೆದವನಿಗೆ ಸರಿಯಾದ ಬೆಲೆ ಸಿಗಲಿ ಅಂತಲೇ ಅಲ್ವಾ? ಅಪ್ಪಯ್ಯ ಅದನ್ನು ನನಗೆ ಪಾಠದ ಥರ ಹೇಳುತ್ತಿದ್ದರು, ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಒಂದೊಂದು ದರ್ಜೆಯನ್ನೂ ಅಂಗೈ ಮೇಲಿಟ್ಟು ಗುರುತು ಹಿಡಿಯುವುದು ಕಲಿಸಿದರು, ನಮ್ಮ ಬೆವರಿಗೆ ಬೆಲೆ ಕಟ್ಟುವವನು ಪ್ರಾಮಾಣಿಕ ಆಗಿರಬೇಕು ಅಂದರು. ಅದೇ ಮನುಷ್ಯ ಅಟ್ಟದ ಮೇಲೆ ಕೂತು ತಗಡು ಬಡಿದಿದ್ದಾರೆ. ಮಂಡಿಯವರು ಮಾಡಿದ್ದು ಅನ್ಯಾಯ ಅಂತ ಗೊತ್ತಿದ್ದವರಿಗೆ ಇದು ಗೊತ್ತಾಗಲಿಲ್ಲ ಅಂತ ಹೇಗೆ ನಂಬುವುದು?

ಅಮ್ಮನ ಹತ್ತಿರ ಕೇಳಿದೆ. ಅಕ್ಕಿ ರೊಟ್ಟಿ ತಟ್ಟುತ್ತಾ, "ನಿಮ್ಮಪ್ಪಯ್ಯ ಕೆಟ್ಟವರಲ್ಲ. ಕೈ ಬಿಗಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಹೇಳಿದರು. ಆ ವರ್ಷಗಳಲ್ಲಿ ಅಮ್ಮ ಹಿತ್ತಲ ಬಾಗಿಲಿನಿಂದ ಆ ಹೆಂಗಸರಿಗೆ ಅಕ್ಕಿ, ತೆಂಗಿನಕಾಯಿ, ಹಳೇ ಸೀರೆ ಕೊಡುತ್ತಿದ್ದರು. ನಾನು ನೋಡಿದ್ದೇನೆ. ಅಮ್ಮನದು ದೊಡ್ಡ ಕೈ ಅಂತ ಊರಲ್ಲಿ ಹೆಸರೂ ಇತ್ತು. "ಅದು ಡಬ್ಬದ ಲೆಕ್ಕಕ್ಕೇ ಕೊಟ್ಟದ್ದು. ನಂಗೆ ಇನ್ನೆಂತ ಮಾಡ್ಲಿಕ್ಕೆ ಆಗ್ತಿತ್ತು" ಅಂದರು.

ಉಗ್ರಾಣದ ಬೀಗದ ಕೈ ಅಪ್ಪಯ್ಯನ ಉಡಿದಾರದಲ್ಲಿ ಇರುತ್ತಿತ್ತು. ಅಮ್ಮ ಅಷ್ಟು ಮಾಡಿದ್ದೇ ಹೆಚ್ಚು. ಆದರೂ ಹೇಳಬೇಕು: ಮುಂಬಾಗಿಲಲ್ಲಿ ಕೂಲಿ ಅಂತ ಬರಬೇಕಾದ್ದು ಹಿತ್ತಲ ಬಾಗಿಲಲ್ಲಿ ದಾನ ಅಂತ ಬಂತು. ತಮ್ಮದೇ ದುಡಿಮೆಯ ದುಡ್ಡಿಗೆ ಆ ಹೆಂಗಸರು ನಮ್ಮಮ್ಮನಿಗೆ ಕೈ ಮುಗಿದರು. ಇದು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಗಾದೆ ಇದೆ. ಅಪ್ಪಯ್ಯ ಹಾಗಲ್ಲ. ನಮಗೆ ಏನೂ ಕಡಿಮೆ ಮಾಡಲಿಲ್ಲ. ನನ್ನನ್ನು ಹಾಸ್ಟೆಲಿನಲ್ಲಿಟ್ಟು ಓದಿಸಿದರು, ಆ ಕಾಲಕ್ಕೆ ನಮ್ಮ ಊರಲ್ಲಿ ಹೆಣ್ಣುಮಕ್ಕಳನ್ನು ಅಷ್ಟು ದೂರ ಕಳಿಸಿದವರು ಕಡಿಮೆ. ಕೊಳೆ ರೋಗ ಬಂದ ವರ್ಷ ಮಳೆಯಲ್ಲಿ ನಿಂತು ತಾವೇ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಮಾಡುತ್ತಿದ್ದರು, ಕೈಯೆಲ್ಲ ನೀಲಿ. ಅಡಿಕೆ ಕೊಯ್ಯುವ ಕೊನೆಗಾರ ಮರದಿಂದ ಬಿದ್ದಾಗ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಆಸ್ಪತ್ರೆ ಖರ್ಚು ನೋಡಿದವರೂ ಅವರೇ, ಅದನ್ನು ಯಾವತ್ತೂ ಆಡಿ ತೋರಿಸಲಿಲ್ಲ. ಆಸ್ಪತ್ರೆಗೆ ಸಾವಿರ ಸಾವಿರ ಕೊಟ್ಟವರು ಡಬ್ಬದಲ್ಲಿ ಎರಡು ಕೆಜಿ ಯಾಕೆ ಕದ್ದರು? ನನಗೆ ತಿಳಿದ ಮಟ್ಟಿಗೆ, ಕೊಡುವುದು ಅವರಿಗೆ ಕಷ್ಟವೇ ಅಲ್ಲ. ತಾನು ಕೊಟ್ಟೆ ಅಂತ ಆಗಬೇಕು, ಅಷ್ಟೇ. ಎದುರಿಗಿರುವವರು ಇದು ನನ್ನ ಹಕ್ಕು ಅಂತ ಎಣಿಸಿ ತೆಗೆದುಕೊಂಡು ಹೋಗುವುದು ಅವರಿಂದ ಸಹಿಸಲು ಆಗುವುದಿಲ್ಲ. ಯಂತ್ರದ ಹುಡುಗರ ಜೊತೆಯೂ ಅದೇ ಆಯಿತು. ನೀರಿನ ತೂಕ ಮುರಿಯಿರಿ ಅಂತ ಜಗಳ ಆಡಿದವರು, ಹೊರಡುವಾಗ ಅದೇ ಹುಡುಗರಿಗೆ ಒಂದೊಂದು ಬಾಳೆಗೊನೆ ಹೊರಿಸಿ ಕಳಿಸಿದರು. ಬಾಳೆಗೊನೆಯ ಬೆಲೆ ಮುರಿದದ್ದಕ್ಕಿಂತ ಜಾಸ್ತಿ ಇತ್ತು.

ನಾನು ಅವರನ್ನು ಇಷ್ಟು ದಿನ ನೋಡಿದ್ದು ಮಗಳಾಗಿ ಮಾತ್ರ. ಅಂಗಳದ ಆ ಕಡೆ, ಮೆಟ್ಟುಗತ್ತಿಯ ಹಿಂದೆ ಕೂತವರಿಗೆ ಅವರು ಹೇಗೆ ಕಾಣುತ್ತಿದ್ದರು ಅಂತ ಈಗ ಗೊತ್ತಾಗಿದೆ. ಪ್ರೀತಿ ಕಡಿಮೆಯಾಗಿಲ್ಲ. ಆದರೆ ಅಪ್ಪಯ್ಯ ಮಾಡಿದ್ದು ತಪ್ಪು. ವಯಸ್ಸಾಯಿತು, ಹಳೇ ಕಾಲ, ಎಲ್ಲರೂ ಮಾಡುತ್ತಿದ್ದರು ಅಂತೆಲ್ಲ ಹೇಳಿ ಅದನ್ನು ಸಣ್ಣದು ಮಾಡಲು ನನಗೆ ಮನಸ್ಸಿಲ್ಲ. ಇವತ್ತು ರಾಶಿ ಇಡಿ ಕ್ವಿಂಟಾಲಿಗೆ 50,000 ರೂಪಾಯಿ ದಾಟಿ ಮಾರಿದ ನಾವು ಕಾರು ತಗೊಂಡಿದ್ದೇವೆ, ಮನೆಗೆ ಟೈಲ್ಸ್ ಹಾಕಿಸಿದ್ದೇವೆ. ಆ ಅಕ್ಕಂದಿರ ಬೆನ್ನು ಬಾಗಿದೆ.

ಆ ದೊಡ್ಡ ಅಕ್ಕನ ಹತ್ತಿರ ಮರುದಿನ ಈ ಮಾತು ಎತ್ತಿದೆ. "ಅದೆಲ್ಲ ಈಗ್ಯಾಕೆ ತಂಗಿ. ನಿಮ್ಮ ಮನೆ ಕಾಫಿ ಚಂದ ಇರ್ತಿತ್ತು, ಅಯ್ಯ ಕಥೆ ಹೇಳ್ತಿದ್ರು, ಅದಕ್ಕೇ ಬರ್ತಿದ್ವಿ" ಅಂದರು. ಆಮೇಲೆ ಒಂದು ಕಾಯಿ ಸುಲಿದು ಬುಟ್ಟಿಗೆ ಹಾಕಿ, "ಕೆಜಿ ಲೆಕ್ಕ ಒಳ್ಳೇದು. ನಾವೇ ನೋಡ್ಬಹುದು" ಅಂತಲೂ ಅಂದರು.

ಯಂತ್ರ ಬಂದು ಇವರ ಕೆಲಸ ಹೋಯಿತು ಅಂತ ಕೆಲವರು ಹೇಳುತ್ತಾರೆ. ಹೋಗಿದೆ, ಸುಳ್ಳಲ್ಲ. ಸುಗ್ಗಿಯ ಎರಡು ಮೂರು ತಿಂಗಳ ಸಂಪಾದನೆಯಿಂದ ಮಗಳ ಮದುವೆ ಮಾಡಿದವರು ಇದ್ದಾರೆ. ಆದರೆ ರಾತ್ರಿಯೆಲ್ಲ ಕಾಲು ಮಡಚಿ ಕೂತು ಸುಲಿಯುವ ಕೆಲಸ ವಾಪಸ್ ಬರಲಿ ಅಂತ ಆ ಮೂವರಲ್ಲಿ ಯಾರೂ ಹೇಳಲಿಲ್ಲ. ಉಳಿದ ಕಾಯಿ ಸುಲಿಯಲು, ಚೂರು ಆರಿಸಲು, ಒಣಗಿಸಲು ಜನ ಬೇಕೇ ಬೇಕು. ಆ ಕೆಲಸಕ್ಕೆ ಒಳ್ಳೆ ಕೂಲಿ ಕೊಡಿ. ಯಂತ್ರದಿಂದ ಉಳಿಯುವ ದುಡ್ಡಿನಲ್ಲಿ ಅದು ನಿಮಗೆ ಹೊರೆ ಆಗುವುದಿಲ್ಲ.

ಸ್ವಂತ ಯಂತ್ರ ತಗೊಳ್ಳಬೇಕಾ ಅಂತ ಕೇಳುವವರಿಗೆ: ನಮ್ಮಂಥ ಸಣ್ಣ ತೋಟದವರಿಗೆ ಬೇಡ. ವರ್ಷದಲ್ಲಿ ಕೆಲವೇ ದಿನದ ಕೆಲಸ, ಉಳಿದ ದಿನ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ, ಬೆಲ್ಟನ್ನು ಇಲಿ ಕಡಿಯುತ್ತದೆ. ನಾಲ್ಕೈದು ಮನೆ ಸೇರಿ ತಗೊಂಡರೆ ಆಗಬಹುದು. ತಗೊಳ್ಳುವವರು ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಸಹಾಯಧನ ಸಿಗುತ್ತದಾ, ಯಾವ ಯಂತ್ರಕ್ಕೆ ಸಿಗುತ್ತದೆ ಅಂತ ಕೇಳಿ. ಬಿಲ್ ಆದ ಮೇಲೆ ಓಡಾಡಿ ಪ್ರಯೋಜನ ಇಲ್ಲ.

ಬಾಡಿಗೆಗೆ ಕರೆಸುವವರು ದೀಪಾವಳಿಗೆ ಮೊದಲೇ ಹೇಳಿಡಿ, ಆಮೇಲೆ ಸರದಿ ಸಿಗುವುದಿಲ್ಲ. ಕೊಯ್ಲು ಮಾಡಿದ ಮೇಲೆ ಫೋನ್ ಮಾಡುವುದಲ್ಲ, ಅವರ ದಿನ ಗಟ್ಟಿಯಾದ ಮೇಲೆ ಕೊನೆಗಾರರನ್ನು ಕರೆಯಿರಿ. ಗೋಟನ್ನು ಮೊದಲೇ ಬೇರೆ ಮಾಡಿಡಿ. ಹುಡುಗರಿಗೆ ಬೆಳಿಗ್ಗೆ ತಿಂಡಿ ಕೊಡಿ, ಕೆಲಸ ಮುಗಿಯಲಿ ಆಮೇಲೆ ನೋಡೋಣ ಅನ್ನಬೇಡಿ.

ಎರಡನೇ ಕೊಯ್ಲಿಗೂ ಇದೇ ತಂಡಕ್ಕೆ ಹೇಳಿದ್ದೇನೆ. ಅಪ್ಪಯ್ಯ ಒಪ್ಪಿದ್ದಾರೆ, ತಕ್ಕಡಿಯ ಅಂಕಿ ತಾನೇ ಓದಬೇಕು ಅನ್ನುವುದು ಅವರ ಷರತ್ತು. ಓದಿ, ಆದರೆ ಅಕ್ಕಂದಿರ ಬುಟ್ಟಿ ಇಡುವಾಗ ಅವರೂ ಪಕ್ಕದಲ್ಲಿ ನಿಂತಿರಬೇಕು ಅಂತ ನಾನು ಹೇಳಿದೆ. ಅದಕ್ಕೆ ಹೂಂ ಅಂತಲೂ ಅಂದಿಲ್ಲ, ಬೇಡ ಅಂತಲೂ ಅಂದಿಲ್ಲ. ಎರಡನೇ ಕೊಯ್ಲಿಗೆ ಇನ್ನೂ ಮೂರು ವಾರ ಇದೆ.